ಹತ್ತು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು

ಫೆಬ್ರವರಿ ಹತ್ತು. ಬೆಳಿಗ್ಗೆ ಹತ್ತು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು.

ಪರದೆಯ ಮೇಲಿನ ಆ ಸಾಲನ್ನು ಸೈಟಮ್ಮ ಮೂರನೇ ಸಲ ಓದಿದಳು. ಕುರ್ಚಿಗೆ ಒರಗಿದಳು. ತನಗೇ ಗೊತ್ತಿಲ್ಲದಂತೆ ನಕ್ಕಳು.

ಮನುಷ್ಯರು ಕೆಲಸ ಮಾಡುವ ಹೊತ್ತು ಹೀಗಿರುವುದಿಲ್ಲ. ನಾಲ್ಕು ಗಂಟೆ ಏಳು ನಿಮಿಷ ಐವತ್ತೊಂದು ಸೆಕೆಂಡಿಗೆ ಒಬ್ಬ ವೆಬ್‌ಸೈಟಿಗೆ ನಕ್ಷೆ ಏರಿಸುತ್ತಾನೆ, ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷ ಎಂಟು ಸೆಕೆಂಡಿಗೆ ಇನ್ನೊಬ್ಬ ಏರಿಸುತ್ತಾನೆ. ಸೆಕೆಂಡಿನ ಮುಳ್ಳು ಸೊನ್ನೆಗೆ ಬರಲೆಂದು ಬೆರಳೆತ್ತಿಕೊಂಡು ಕಾಯುವ ಭೂಪರು ಈ ಟೈಲ್ಸ್ ಕಾರ್ಖಾನೆಯಲ್ಲಿ ಒಬ್ಬರೂ ಇರಲಿಲ್ಲ.

ರೈಲು ನಿಲ್ದಾಣದ ಹೊಸ ಹಜಾರಕ್ಕೆ ಆಯ್ಕೆಯಾದ ‘ಸುಳಿ’ ವಿನ್ಯಾಸ ತನ್ನದೆಂದು ಇಬ್ಬರು ಹೇಳುತ್ತಿದ್ದರು. ಅವರಲ್ಲಿ ಕಳ್ಳರು ಯಾರೆಂದು ಇವತ್ತು, ಸೋಮವಾರ, ಹನ್ನೊಂದು ಗಂಟೆಯೊಳಗೆ ಸೈಟಮ್ಮ ಯಜಮಾನರಿಗೆ ಹೇಳಬೇಕಿತ್ತು. ಕಳ್ಳರೆಂದು ತೀರ್ಮಾನವಾದವರು ಹನ್ನೆರಡಕ್ಕೆ ಗೇಟಿನ ಆಚೆ.

ಒಬ್ಬರು ನಕ್ಷೆ ವಿಭಾಗದ ಹಿರಿಯರು, ಸ್ಕೇಲ್ ಮೇಷ್ಟ್ರು. ಮೂವತ್ತು ವರ್ಷದಿಂದ ಅಂಗಿಯ ಜೇಬಿನಲ್ಲಿ ಉಕ್ಕಿನ ಸ್ಕೇಲ್ ಇಟ್ಟುಕೊಂಡೇ ಓಡಾಡುವವರು. ಇನ್ನೊಬ್ಬಳು ಅವರ ಕೈಕೆಳಗೆ ಪಳಗಿದವಳು. ಅವಳು ಸೈಟಮ್ಮನ ಓರಗಿತ್ತಿ, ಅವಳ ಮೈದುನನ ಹೆಂಡತಿ. ಮನೆಯಲ್ಲೂ ಕಾರ್ಖಾನೆಯಲ್ಲೂ ಎಲ್ಲರ ಬಾಯಲ್ಲಿ ಅವಳು ‘ಚಿಕ್ಕವಳು’.

ಪರದೆಯ ಆ ಸಾಲು ಇದ್ದದ್ದು ಚಿಕ್ಕವಳ ನಕ್ಷೆಯ ಪಕ್ಕ. ಸೈಟಮ್ಮ ನಕ್ಕದ್ದು ಏಕೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಅಂದ ಹಾಗೆ ಸೈಟಮ್ಮ ಎಂದ ಮಾತ್ರಕ್ಕೆ ಅವಳ ಹೆಸರಿನಲ್ಲಿ ಅಂಗೈ ಅಗಲದ ಜಾಗವೂ ಇರಲಿಲ್ಲ. ಕಾರ್ಖಾನೆಯ ವೆಬ್‌ಸೈಟನ್ನು ಕಟ್ಟಿದವಳು, ಹತ್ತು ವರ್ಷದಿಂದ ಸಾಕುತ್ತಿರುವವಳು ಎಂದು ಟೈಲ್ಸ್ ಸುಡುವ ಕುಲುಮೆಯವರು ಇಟ್ಟ ಹೆಸರು. ನಕ್ಷೆಗಾರರು ಬರೆದ ವಿನ್ಯಾಸಗಳೆಲ್ಲ ಆ ಸೈಟಿಗೆ ಬಂದು ಬೀಳುತ್ತಿದ್ದವು. ಒಮ್ಮೆ ಏರಿಸಿದ ನಕ್ಷೆಯನ್ನು ಯಾರೂ ಮುಟ್ಟುವಂತಿಲ್ಲ, ತಿದ್ದಿದರೆ ಅದಕ್ಕೆ ಬೇರೆ ನಂಬರು. ಮೊದಲು ಏರಿಸಿದವರದ್ದೇ ವಿನ್ಯಾಸ. ಇದು ಕಾರ್ಖಾನೆಯ ಕಾನೂನು.

ಮೊದಲು ಯಾರು ಏರಿಸಿದರೆಂದು ತಿಳಿಯುವುದು ಹೇಗೆ? ಅಲ್ಲಿಯೇ ಸೈಟಮ್ಮ ಹತ್ತು ವರ್ಷದ ಹಿಂದೆ ಸೋಮಾರಿತನ ಮಾಡಿದ್ದಳು. ಏರಿಸಿದ ಹೊತ್ತನ್ನು ಬೇರೆ ಕಡೆ ಬರೆದಿಡುವ ಬದಲು, ಸೈಟನ್ನು ಬರೆದ ಭಾಷೆಯಾದ ಪಿಎಚ್‌ಪಿಯ ‘ಫೈಲ್‌ಎಂಟೈಮ್’ ಎಂಬ ಒಂದು ಆಜ್ಞೆ ಹಾಕಿ ಕೈತೊಳೆದುಕೊಂಡಿದ್ದಳು. ಫೈಲಿನ ಒಳಗಿನದು ಕೊನೆಯ ಸಲ ಯಾವಾಗ ಬದಲಾಯಿತೆಂದು ಅದು ಹೇಳುತ್ತದೆ. ಮುಟ್ಟದ ಫೈಲಿಗೆ ಕೊನೆಯ ಸಲವೂ ಮೊದಲ ಸಲವೂ ಒಂದೇ ಅಲ್ಲವೇ ಎಂಬುದು ಅವಳ ಲೆಕ್ಕಾಚಾರ.

ಎರಡು ವರ್ಷದ ಹಿಂದೆ ಆ ಲೆಕ್ಕಾಚಾರ ಕೈಕೊಟ್ಟಿತು. ಸೈಟನ್ನು ಹೊಸ ಯಂತ್ರಕ್ಕೆ ಸಾಗಿಸಿದಾಗ ಎಂಟು ವರ್ಷದ ನಕ್ಷೆಗಳಿಗೆಲ್ಲ ನಕಲು ಮಾಡಿದ ಆ ಒಂದೇ ದಿನದ ತಾರೀಖು ಬಿತ್ತು. ನಕ್ಷೆ ವಿಭಾಗದವರು ಸ್ಕೇಲು ಹಿಡಿದು ಹೊಡೆಯಲು ಬರುವುದೊಂದು ಬಾಕಿ. ಆಗ ಅವಳು ತರಾತುರಿಯಲ್ಲಿ ‘ತಾರೀಖು ತಿದ್ದುವ ಪುಟ’ ಎಂದು ಒಂದನ್ನು ಬರೆದಳು. ಪಿಎಚ್‌ಪಿಯಲ್ಲಿ ‘ಟಚ್’ ಎಂಬ ಇನ್ನೊಂದು ಆಜ್ಞೆ ಇದೆ. ಫೈಲಿನ ಹೆಸರೂ ಒಂದು ತಾರೀಖೂ ಕೊಟ್ಟರೆ ಸಾಕು, ಫೈಲು ಹುಟ್ಟಿದ್ದೇ ಅಂದು ಎಂಬಂತೆ ಗಡಿಯಾರವನ್ನು ತಿರುಗಿಸಿ ಕೂರಿಸಿಬಿಡುತ್ತದೆ. ನಕ್ಷೆ ವಿಭಾಗದವರು ಆಗ ಬರೆದಿಡುತ್ತಿದ್ದ ಹಳೆಯ ಪುಸ್ತಕ ನೋಡಿಕೊಂಡು ಸೈಟಮ್ಮ ಒಂದೊಂದಾಗಿ ಎಲ್ಲ ತಾರೀಖುಗಳನ್ನೂ ಸರಿಮಾಡಿದ್ದಳು. ಪುಸ್ತಕದಲ್ಲಿ ಗಂಟೆ ನಿಮಿಷ ಇರಲಿಲ್ಲವಾದ್ದರಿಂದ, ನೆನಪಿಡಲು ಸುಲಭವಾದ ಹೊತ್ತೊಂದಿರಲಿ ಎಂದು ಎಲ್ಲಕ್ಕೂ ಹತ್ತು ಗಂಟೆಯನ್ನು ಪುಟವೇ ಹಾಕುವಂತೆ ಮಾಡಿದ್ದಳು.

ಹತ್ತು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು. ಅದು ಅವಳದ್ದೇ ಪುಟದ ಗುರುತು. ಕೆಲಸ ಮುಗಿದ ಮೇಲೆ ಅಳಿಸಬೇಕಿದ್ದ ಆ ಪುಟ ಇವತ್ತಿಗೂ ಅಲ್ಲೇ ಇತ್ತು.

ಹೊಸ ನಕ್ಷೆಗೆ ಆ ಗುರುತು ಬಿದ್ದಿದೆಯೆಂದರೆ ಯಾರೋ ಕೈಯಾಡಿಸಿದ್ದಾರೆ.

ಖಚಿತಪಡಿಸಿಕೊಳ್ಳಲು ಒಂದು ದಾರಿ ಇತ್ತು. ಫೈಲಿಗೆ ಇನ್ನೊಂದು ಗಡಿಯಾರವಿದೆ, ಪಿಎಚ್‌ಪಿಯಲ್ಲಿ ಅದನ್ನು ‘ಫೈಲ್‌ಸಿಟೈಮ್’ ಎಂದು ಕೇಳಬೇಕು. ಫೈಲಿನ ಒಳಗನ್ನು ಮುಟ್ಟದೆ ಅದರ ಹೆಸರೋ ತೆರೆಯುವ ಹಕ್ಕೋ ತಾರೀಖೋ ಬದಲಾದರೂ ಅದು ಗುರುತು ಹಾಕಿಕೊಳ್ಳುತ್ತದೆ. ಇದನ್ನು ಟಚ್ ತಿರುಗಿಸಲಾರದು. ಮೊದಲ ಗಡಿಯಾರವನ್ನು ಸುಳ್ಳು ಹೇಳುವಂತೆ ಮಾಡಿದ ಕ್ಷಣವೇ ಈ ಎರಡನೆಯದು ತಾನಾಗಿ ಆ ಕ್ಷಣವನ್ನು ಬರೆದಿಟ್ಟುಕೊಳ್ಳುತ್ತದೆ.

ಸೈಟಮ್ಮ ಎರಡು ಸಾಲು ಬರೆದು ಓಡಿಸಿದಳು. ಮೊದಲು ಮೇಷ್ಟ್ರ ನಕ್ಷೆ: ಫೆಬ್ರವರಿ ಹನ್ನೆರಡು, ಹನ್ನೊಂದು ಗಂಟೆ ಮೂವತ್ತಮೂರು ನಿಮಿಷ ಹತ್ತೊಂಬತ್ತು ಸೆಕೆಂಡು. ಎರಡು ಗಡಿಯಾರಗಳೂ ಅಣ್ಣತಮ್ಮಂದಿರಂತೆ ಒಂದೇ ಮಾತು ಹೇಳಿದವು. ಆಮೇಲೆ ಚಿಕ್ಕವಳದು. ಮೊದಲ ಗಡಿಯಾರ ಫೆಬ್ರವರಿ ಹತ್ತು ಎಂದಿತು. ಎರಡನೆಯದು, ಕಳೆದ ಗುರುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ ಎಂದಿತು.

ನಿಲ್ದಾಣದವರು ಸುಳಿಯನ್ನು ಆರಿಸಿದ ಸುದ್ದಿ ಬಂದದ್ದು ಬುಧವಾರ. ಗುರುವಾರ ತಾರೀಖು ತಿದ್ದಿದೆ. ಶುಕ್ರವಾರ ಮೇಷ್ಟ್ರು ದೂರು ಕೊಟ್ಟಿದ್ದಾರೆ. ಸೈಟಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ಒಂದು ದಿನದ್ದಲ್ಲ. ನಾಲ್ಕು ವರ್ಷದ ಹಿಂದೆ ಚಿಕ್ಕವಳು ಮನೆಗೆ ಕಾಲಿಟ್ಟಳು. ಆರು ತಿಂಗಳಲ್ಲಿ ಅತ್ತೆಯ ಕಣ್ಮಣಿಯಾದಳು. ಸೈಟಮ್ಮ ಮಾಡಿದ ಸಾರು ಸಾರಷ್ಟೇ, ಚಿಕ್ಕವಳು ಮಾಡಿದರೆ ಅತ್ತೆ ಎರಡು ಸಲ ಬಡಿಸಿಕೊಳ್ಳುವರು. ಅವಳ ಗಂಡ ಹಡಗಿನ ಕೆಲಸದವನು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ‘ಪಾಪ, ಒಂಟಿ’ ಎಂಬ ಕರುಣೆ ಬೇರೆ. ಸೈಟಮ್ಮನ ಗಂಡ ಊರಲ್ಲೇ ಇದ್ದುದರಿಂದ ಅವಳಿಗೆ ಯಾರ ಕರುಣೆಯೂ ಸಿಗಲಿಲ್ಲ. ಚಿಕ್ಕವಳಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವಳು ಸೈಟಮ್ಮನೇ, ಇವತ್ತು ಗೇಟಿನ ಕಾವಲುಗಾರ ಅವಳನ್ನು ತೋರಿಸುವುದು ‘ಸುಳಿ ಮೇಡಂ ಅವರ ಅಕ್ಕ’ ಎಂದು.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಸುಳಿ. ನಾಲ್ಕು ಟೈಲ್ಸ್ ಯಾವ ದಿಕ್ಕಿಗೆ ತಿರುಗಿಸಿ ಜೋಡಿಸಿದರೂ ಗೆರೆ ಎಲ್ಲೂ ತುಂಡಾಗದೆ ಹರಿಯುತ್ತಿತ್ತು. ಮೊದಲ ಸಲ ನೋಡಿದಾಗ ಸೈಟಮ್ಮ ಅರ್ಧ ಗಂಟೆ ಅಲುಗಾಡದೆ ನಿಂತಿದ್ದಳು. ಅಂಥದ್ದೊಂದನ್ನು ತಾನು ಹತ್ತು ಜನ್ಮವೆತ್ತಿದರೂ ಮಾಡಲಾರೆ ಎಂದು ಅವಳಿಗೆ ಅವತ್ತೇ ಗೊತ್ತಾಗಿತ್ತು. ಕದ್ದದ್ದು ಎಂದಾದರೆ ಎಷ್ಟು ಹಗುರ!

ಯಜಮಾನರಿಗೆ ಕೊಡುವ ಪತ್ರ ಐದೇ ನಿಮಿಷದಲ್ಲಿ ಸಿದ್ಧವಾಯಿತು. ಸಹಿಯೊಂದು ಬಾಕಿ. ತಿದ್ದುವ ಪುಟಕ್ಕೆ ಪಾಸ್‌ವರ್ಡ್ ಬೇಕು, ಅದು ಚಿಕ್ಕವಳಿಗೆ ಹೇಗೆ ಸಿಕ್ಕಿತು? ಒಂದೇ ಸೂರಿನ ಕೆಳಗಿರುವವಳು, ಭಾನುವಾರ ಮನೆಯಲ್ಲಿ ಕೂತು ಕೆಲಸ ಮಾಡುವಾಗ ಬೆನ್ನ ಹಿಂದೆ ನಿಂತು ನೋಡಿರಬೇಕು. ಅಲ್ಲಿಗೆ ಆ ಪ್ರಶ್ನೆಯೂ ಮುಗಿಯಿತು. ಬೇಕಾದ ಉತ್ತರ ಕೈಗೆ ಸಿಕ್ಕ ಮೇಲೆ ಇನ್ನೂ ಹುಡುಕುವಷ್ಟು ತಾಳ್ಮೆ ಯಾರಿಗಿದೆ?

ಸಹಿ ಹಾಕುವ ಮುಂಚೆ ಒಂದು ಸಲ ಅವಳ ಮುಖ ನೋಡಬೇಕು ಎನ್ನಿಸಿತು. ಅದು ನ್ಯಾಯಕ್ಕಾಗಿ ಎಂದು ಸೈಟಮ್ಮ ತನಗೆ ತಾನೇ ಹೇಳಿಕೊಂಡಳು. ನಾವು ನಂಬಬೇಕಾಗಿಲ್ಲ.

ಚಿಕ್ಕವಳು ಅಚ್ಚಿನ ಕೋಣೆಯಲ್ಲಿದ್ದಳು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಅಚ್ಚುಗಳು, ಎಲ್ಲದರ ಮೇಲೂ ತೆಳುವಾದ ಜೇಡಿಯ ಧೂಳು. ಪಕ್ಕದ ಕುಲುಮೆಯ ಬಿಸಿ ಗೋಡೆ ದಾಟಿ ಬರುತ್ತಿತ್ತು. ಅವಳು ನೆಲದ ಮೇಲೆ ಕೂತು ಸುಳಿಯ ಮೊದಲ ಹದಿನಾರು ಟೈಲ್ಸುಗಳನ್ನು ಜೋಡಿಸಿ, ಅಂಚಿನಲ್ಲಿ ಬೆರಳಾಡಿಸಿ ನೋಡುತ್ತಿದ್ದಳು. ಕೆಲಸ ಹೋದರೂ ಇವು ಸರಿಯಾಗಿ ಬರಲಿ ಎಂಬಂತಿತ್ತು ಆ ಬೆರಳು.

ಸೈಟಮ್ಮ ಬಾಗಿಲು ಮುಂದೆ ಮಾಡಿದಳು.

“ಫೆಬ್ರವರಿ ಹತ್ತು ಅಂತ ತಾರೀಖು ಹಾಕಿದ್ದು ಯಾರು?”

“ಅದು ತಾನಾಗೇ ಬರುತ್ತಲ್ಲ ಅಕ್ಕ. ನಾವು ಹಾಕೋ ಹಾಗೇ ಇಲ್ಲ ಅಂತ ನೀವೇ ಹೇಳಿದ್ರಿ.”

“ನೀನು ನಕ್ಷೆ ಏರಿಸಿದ್ದು ಯಾವತ್ತು?”

ಚಿಕ್ಕವಳು ಯೋಚಿಸಿದಳು. ನೆನಪಿಲ್ಲ, ಆ ತಿಂಗಳ ಮೊದಲಲ್ಲೋ ಏನೋ, ಪುಟ ಹತ್ತು ಅಂದರೆ ಹತ್ತೇ ಇರಬೇಕು, ಪುಟಕ್ಕಿಂತ ತನ್ನ ನೆನಪು ಹೆಚ್ಚೇ ಎಂದಳು. ಅವಳ ಈ ವಿನಯವೇ ಸೈಟಮ್ಮನಿಗೆ ಮೈ ಉರಿಸುತ್ತಿದ್ದುದು.

ಹಾಗಾಗಿ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಟಚ್ ಎಂದರೇನು, ಎರಡನೇ ಗಡಿಯಾರ ಎಂದರೇನು, ಸೊನ್ನೆ ಸೆಕೆಂಡಿನ ಅರ್ಥವೇನು. ಹೇಳುತ್ತ ಹೇಳುತ್ತ ದನಿ ಏರಿತು. ಮೇಷ್ಟ್ರದ್ದು ಹನ್ನೆರಡನೇ ತಾರೀಖಾದ್ದರಿಂದ ನಿನ್ನದನ್ನು ಹತ್ತಕ್ಕೆ ತಳ್ಳಿದೆ, ಎರಡೇ ದಿನ, ಎಷ್ಟು ಬೇಕೋ ಅಷ್ಟೇ, ದುರಾಸೆಯೂ ಇಲ್ಲ ಪಾಪ ಎಂದು ಚುಚ್ಚಿದಳು.

“ಯಾವಾಗ ತಿದ್ದಿದೆ ಅನ್ನೋದೂ ಗೊತ್ತಾಗಿದೆ,” ಎಂದಳು ಕೊನೆಗೆ. “ಗುರುವಾರ. ಮಧ್ಯಾಹ್ನ ಮೂರು ನಲವತ್ತೆರಡು.”

ಚಿಕ್ಕವಳು ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾಳೆ ಎಂದು ಸೈಟಮ್ಮ ಕಾದಳು. ಅವಳು ಕೈಯ ಧೂಳು ಕೊಡವಿಕೊಂಡು ಎದ್ದು ನಿಂತಳು, ಅಷ್ಟೇ.

“ಗುರುವಾರ ಮಧ್ಯಾಹ್ನ ನಾವು ಎಲ್ಲಿದ್ವಿ ಅಕ್ಕ?”

ಗುರುವಾರ ಮಧ್ಯಾಹ್ನ ಇಬ್ಬರೂ ರಜೆ ಹಾಕಿ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರು. ಹಸಿರು ಬೆಂಚು. ನಡುವೆ ಅತ್ತೆ, ಆ ಕಡೆ ಈ ಕಡೆ ಇಬ್ಬರು ಸೊಸೆಯರು. ನರ್ಸು ಬಂದು ಅತ್ತೆಯ ಕಣ್ಣಿಗೆ ಔಷಧಿಯ ಹನಿ ಬಿಟ್ಟು, ಕಣ್ಣು ಮುಚ್ಚಿಕೊಂಡಿರಿ ಎಂದಳು. ಕಣ್ಣು ಮುಚ್ಚಿದ ಅತ್ತೆ ಕೈ ಚಾಚಿದರು. ಆ ಕೈ ಎಡಕ್ಕೆ, ಸೈಟಮ್ಮನತ್ತ ಬರಲಿಲ್ಲ. ಬಲಕ್ಕೆ ಹೋಗಿ ಚಿಕ್ಕವಳ ಕೈಯನ್ನು ಹುಡುಕಿ ಹಿಡಿದುಕೊಂಡಿತು.

ಎದುರಿನ ಗೋಡೆಯಲ್ಲಿ ಗಡಿಯಾರವಿತ್ತು. ಅತ್ತೆ ಕೈ ಹಿಡಿದಾಗ ಮೂರು ಗಂಟೆ ಮೂವತ್ತೊಂಬತ್ತು ನಿಮಿಷ. ಬಿಟ್ಟಾಗ ಮೂರು ಐವತ್ತು. ಸೈಟಮ್ಮ ಆ ಹನ್ನೊಂದು ನಿಮಿಷಗಳನ್ನು ಒಂದೊಂದಾಗಿ ಎಣಿಸಿದ್ದಳು. ಮನೆಗೆ ಬಂದ ಮೇಲೂ ಮರೆತಿರಲಿಲ್ಲ, ಮಲಗುವ ಮುಂಚೆ ಗಂಡನ ಮುಂದೆ ಹೇಳಿಕೊಂಡು ಮೂಗು ಸುರಿಸಿದ್ದಳು. ಆ ಹನ್ನೊಂದು ನಿಮಿಷವೂ ಚಿಕ್ಕವಳ ಒಂದು ಕೈ ಅತ್ತೆಯ ಕೈಯಲ್ಲಿತ್ತು, ಇನ್ನೊಂದರಲ್ಲಿ ಅತ್ತೆಯ ಕನ್ನಡಕವಿತ್ತು.

ಅವಳು ಯಾವ ಪುಟವನ್ನೂ ಮುಟ್ಟಿರಲು ಸಾಧ್ಯವಿರಲಿಲ್ಲ. ಅದಕ್ಕೆ ಸೈಟಮ್ಮನಿಗಿಂತ ದೊಡ್ಡ ಸಾಕ್ಷಿ ಲೋಕದಲ್ಲಿ ಯಾರೂ ಇರಲಿಲ್ಲ.

“ನನ್ನನ್ನ ಹಿಡೀಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ರಿ ಅಕ್ಕ?” ಎಂದಳು ಚಿಕ್ಕವಳು. ಕೊಂಕಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು.

ಸೈಟಮ್ಮ ಬಾಗಿಲು ತೆರೆದು ಹೊರಟಳು. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಅದು ಕುಲುಮೆಯ ಬಿಸಿ ಎಂದುಕೊಳ್ಳಲು ಹೋದಳು, ಆಗಲಿಲ್ಲ.

ಮೇಜಿಗೆ ಬಂದಾಗ ಹತ್ತು ಗಂಟೆ ದಾಟಿತ್ತು. ಬೆಳಿಗ್ಗೆಯೇ ಮಾಡಬೇಕಿದ್ದ ಕೆಲಸವನ್ನು ಅವಳು ಈಗ ಮಾಡಿದಳು. ತಿದ್ದುವ ಪುಟ ಪ್ರತಿ ಸಲ ಬಳಸಿದಾಗಲೂ ಒಂದು ದಾಖಲೆಯಲ್ಲಿ ಸಾಲು ಬರೆಯುವಂತೆ ಅವಳೇ ಏರ್ಪಾಟು ಮಾಡಿದ್ದಳು: ದಿನ, ಹೊತ್ತು, ಯಾವ ಫೈಲು, ಯಾವ ಪಾಸ್‌ವರ್ಡು, ಯಾವ ಇಂಟರ್‌ನೆಟ್ ಸಂಪರ್ಕದಿಂದ. ಎರಡು ವರ್ಷದಿಂದ ಆ ದಾಖಲೆ ಸುಮ್ಮನೆ ಮಲಗಿತ್ತು. ಕೊನೆಯಲ್ಲಿ ಒಂದೇ ಒಂದು ಹೊಸ ಸಾಲು.

ಗುರುವಾರ, ಮೂರು ನಲವತ್ತೆರಡು. ಸುಳಿ. ಪಾಸ್‌ವರ್ಡು ಅವಳದ್ದೇ. ಸಂಪರ್ಕದ ವಿಳಾಸವಾಗಿ ಅಂಕಿಗಳ ನಾಲ್ಕು ಗುಂಪು. ಸೈಟಮ್ಮ ಅದನ್ನು ಎರಡು ಸಲ ಓದಿದಳು. ಪ್ರತಿ ಭಾನುವಾರ ತಾನೇ ಒಳಬರುವಾಗ ಕಾಣುವ ಅಂಕಿಗಳು. ಅವಳ ಮನೆಯವು.

ಅವಳ ಪಾಸ್‌ವರ್ಡು, ಅವಳ ಮನೆ. ಅವಳು ಅಲ್ಲಿರಲಿಲ್ಲ. ಅತ್ತೆ ಅಲ್ಲಿರಲಿಲ್ಲ, ಚಿಕ್ಕವಳು ಅಲ್ಲಿರಲಿಲ್ಲ, ಮೈದುನ ಯಾವುದೋ ಸಮುದ್ರದ ಮೇಲಿದ್ದ.

ಮನೆಯಲ್ಲಿ ಇದ್ದದ್ದು ಒಬ್ಬನೇ. ಜ್ವರವೆಂದು ತಾನು ಕೆಲಸ ಮಾಡುವ ಗೋದಾಮಿಗೆ ರಜೆ ಹಾಕಿ, ಕಂಬಳಿ ಹೊದ್ದು ಮಲಗಿದ್ದ ಅವಳ ಗಂಡ.

ಅವಳಿಗೆ ಮೊದಲು ಹೆದರಿಕೆಯಾಗಲಿಲ್ಲ. ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು, ಈ ಸಲ ಹೊಸ ಜಾಗದಲ್ಲಿ. ಚಿಕ್ಕವಳನ್ನು ಗೆಲ್ಲಿಸಲೆಂದು ಅವನು ತಾರೀಖು ಹಿಂದಕ್ಕೆ ತಳ್ಳಿದನೇ? ನನಗಾಗಿ ಒಂದು ಬಲ್ಬು ಬದಲಿಸಲು ಮೂರು ವಾರ ತೆಗೆದುಕೊಳ್ಳುವವನು, ಅವಳಿಗಾಗಿ ಜ್ವರದಲ್ಲಿ ಎದ್ದು ಕಂಪ್ಯೂಟರ್ ಮುಂದೆ ಕೂತನೇ?

ಅವಳು ಇನ್ನೊಂದು ಕೆಲಸ ಮಾಡಿದಳು. ಎಷ್ಟು ದಿನ ಹಿಂದಕ್ಕೆ ತಳ್ಳಿದ್ದಾನೆ ಎಂದು ನೋಡಬೇಕಿತ್ತು. ಪ್ರತಿ ಶನಿವಾರ ಸಂಜೆ ಸೈಟನ್ನೆಲ್ಲ ಒಂದೇ ಜಿಪ್ ಫೈಲಿಗೆ ಕಟ್ಟಿ ಬದಿಗಿಡುವುದು ಅವಳ ಪದ್ಧತಿ. ಅವಳ ಬಾಯಲ್ಲಿ ಅದು ‘ಶನಿವಾರದ ಗಂಟು’. ಗಂಟಿನಲ್ಲಿ ಪ್ರತಿ ಫೈಲಿನ ಪಕ್ಕ ಅಂದಿನ ತಾರೀಖು ಹಾಗೆಯೇ ಉಳಿದಿರುತ್ತದೆ. ಮೊನ್ನೆ ಶನಿವಾರದ್ದು ಪ್ರಯೋಜನವಿಲ್ಲ, ಅದು ತಿದ್ದಿದ ಮೇಲಿನದು. ಅದರ ಹಿಂದಿನ ಶನಿವಾರದ ಗಂಟನ್ನು ಬಿಚ್ಚಿ ಪಟ್ಟಿ ನೋಡಿದಳು.

ಸುಳಿ. ಫೆಬ್ರವರಿ ಮೂರು. ನಾಲ್ಕು ಗಂಟೆ ಹನ್ನೆರಡು ನಿಮಿಷ ಮೂವತ್ತೆಂಟು ಸೆಕೆಂಡು.

ಫೆಬ್ರವರಿ ಮೂರು. ಸೈಟಮ್ಮ ಬೆರಳು ಮಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ತಿದ್ದಿದವರು ತಾರೀಖನ್ನು ಹಿಂದಕ್ಕೆ ತಳ್ಳಿರಲಿಲ್ಲ. ಏಳು ದಿನ ಮುಂದಕ್ಕೆ ಎಳೆದಿದ್ದರು. ಏನೂ ಮಾಡದೆ ಬಿಟ್ಟಿದ್ದರೆ ಚಿಕ್ಕವಳು ಮೇಷ್ಟ್ರಿಗಿಂತ ಒಂಬತ್ತು ದಿನ ಮೊದಲೇ ಇದ್ದಳು. ಸುಳಿ ಅವಳದ್ದೇ. ಯಾರಿಂದಲೂ ಕದ್ದದ್ದಲ್ಲ.

ಹಾಗಾದರೆ ಗೆದ್ದಿರುವವಳ ತಾರೀಖನ್ನು ಯಾರಾದರೂ ಏಕೆ ಮುಟ್ಟಬೇಕು?

ಮುಟ್ಟಿದ್ದು ಗೊತ್ತಾಗಲಿ ಎಂದೇ. ಹನ್ನೆರಡರ ಆಚೆಗೆ ಎಳೆದಿದ್ದರೆ ಅನುಮಾನ ಮೇಷ್ಟ್ರ ಮೇಲೆ ಬೀಳುತ್ತಿತ್ತು. ಸೊನ್ನೆ ನಿಮಿಷ ಸೊನ್ನೆ ಸೆಕೆಂಡು ಕಣ್ಣಿಗೆ ಹೊಡೆಯಲಿ ಎಂದೇ. ನಿಜವಾದ ತಾರೀಖನ್ನು ಅಳಿಸಿ, ಕಳ್ಳತನದ ಹಾಗೆ ಕಾಣುವ ತಾರೀಖನ್ನು ಅಲ್ಲಿ ಕೂರಿಸಿದ್ದರು. ಹುಡುಕಲು ಕೂರುವವಳು ಸೈಟಮ್ಮನೇ ಎಂದು ಅವರಿಗೆ ಗೊತ್ತಿತ್ತು. ಸಿಕ್ಕಿದ ಕೂಡಲೇ ಅವಳು ಖುಷಿಯಿಂದ ಅಲ್ಲಿಗೇ ನಿಲ್ಲಿಸುತ್ತಾಳೆ, ದಾಖಲೆ ನೋಡುವುದಿಲ್ಲ, ಗಂಟು ಬಿಚ್ಚುವುದಿಲ್ಲ ಎಂದೂ ಗೊತ್ತಿತ್ತು. ಅವಳ ಹೊಟ್ಟೆಕಿಚ್ಚನ್ನು ನೆಚ್ಚಿಕೊಂಡೇ ಆ ಬಲೆ ಹೆಣೆದಿದ್ದರು. ಹತ್ತು ಗಂಟೆಗೆ ಮುಂಚೆ ಅವಳು ಸಹಿ ಹಾಕುವುದರಲ್ಲೂ ಇದ್ದಳು.

ಆ ಕಿಚ್ಚನ್ನು ಅವಳು ಯಾರ ಮುಂದೆ ಹೇಳಿಕೊಂಡಿದ್ದಳು? ತವರಿನಲ್ಲಿ ಹೇಳಿರಲಿಲ್ಲ, ಗೆಳತಿಯರ ಮುಂದೆ ಹೇಳಿದರೆ ಮರ್ಯಾದೆ ಹೋಗುತ್ತಿತ್ತು. ನಾಲ್ಕು ವರ್ಷದಿಂದ ದಿನವೂ ಕೇಳಿಸಿಕೊಂಡದ್ದು ಒಂದೇ ಕಿವಿ.

ಗೋದಾಮಿಗೆ ಫೋನ್ ಮಾಡಿದಳು. ಗಂಡ ಎತ್ತಿಕೊಂಡ. ಹಿಂದೆ ಪೆಟ್ಟಿಗೆ ಇಳಿಸುವ ಸದ್ದು. ಗುರುವಾರ ಮನೆಗೆ ಯಾರಾದರೂ ಬಂದಿದ್ದರೇ ಎಂದು ಸಾಮಾನ್ಯವಾಗಿ ಕೇಳುವಂತೆ ಕೇಳಿದಳು.

“ಯಾರೂ ಬಂದಿಲ್ವಲ್ಲ. ನಾನು ಬೆಳಿಗ್ಗೆ ಮಲಗಿದೋನು ನೀವು ಬಂದ ಮೇಲೇ ಎದ್ದಿದ್ದು,” ಎಂದ. ಆಮೇಲೆ, ಏನೋ ನೆನಪಾದವನಂತೆ, “ಯಜಮಾನ್ರಿಗೆ ಚಿಕ್ಕವಳ ಹೆಸರು ಕೊಟ್ಯಾ?” ಎಂದು ಕೇಳಿದ.

ಅವಳು ಯಾರ ಹೆಸರು ಕೊಡಲಿದ್ದಾಳೆಂದು ಅವನಿಗೆ ಹೇಳಿಯೇ ಇರಲಿಲ್ಲ. ಇನ್ನೂ ಇಲ್ಲ ಎಂದು ಫೋನ್ ಇಟ್ಟಳು.

ಇಟ್ಟ ಮೇಲೆ ನೆನಪಾದದ್ದು ಲೋಟಗಳು. ಗುರುವಾರ ಡಾಕ್ಟರ ಬಳಿಯಿಂದ ಮನೆಗೆ ಬಂದಾಗ ಕಂಪ್ಯೂಟರ್ ಮೇಜಿನ ಮೇಲೆ ಟೀ ಕುಡಿದಿಟ್ಟ ಲೋಟಗಳಿದ್ದವು. ಒಂದಲ್ಲ, ಎರಡು. ಸೈಟಮ್ಮ ಚಪ್ಪಲಿ ಬಿಡುವಷ್ಟರಲ್ಲಿ ಚಿಕ್ಕವಳು ಅವನ್ನೆತ್ತಿಕೊಂಡು ಹೋಗಿ ತೊಳೆದಿಟ್ಟಿದ್ದಳು. ‘ಬಂದ ಕಾಲಲ್ಲೇ ಕೆಲಸಕ್ಕೆ ನಿಂತಳು ನೋಡು’ ಎಂದು ಅತ್ತೆ ಮೆಚ್ಚಿದ್ದರು. ಆ ಮೆಚ್ಚುಗೆಯ ಉರಿಯಲ್ಲಿ ಸೈಟಮ್ಮ, ಮಲಗಿದ್ದ ಮನುಷ್ಯನಿಗೆ ಎರಡು ಲೋಟ ಏಕೆ ಎಂದು ಯೋಚಿಸಿರಲೇ ಇಲ್ಲ.

ಗಂಡನ ಜೊತೆ ಕೂತು ಟೀ ಕುಡಿದವರು ಯಾರು? ಚಿಕ್ಕವಳು ಕಳ್ಳಿಯಾದರೆ ಸುಳಿ ಸಿಗುವುದು ಒಬ್ಬರಿಗೇ.

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ನಾಲ್ಕು ನಿಮಿಷ. ಮೇಜಿನ ಮೇಲೆ ಬೆಳಿಗ್ಗೆ ಬರೆದ ಪತ್ರವಿತ್ತು. ಸಹಿ ಹಾಕಿದರೆ ಗಂಡ ಉಳಿಯುತ್ತಾನೆ, ಪಾಸ್‌ವರ್ಡು ಮನೆಯವರ ಕಣ್ಣಿಗೆ ಬೀಳಲು ಬಿಟ್ಟ ತಪ್ಪು ಮುಚ್ಚಿಹೋಗುತ್ತದೆ, ನಾಲ್ಕು ವರ್ಷದ ಮುಳ್ಳು ಕಾರ್ಖಾನೆಯಿಂದಲಾದರೂ ಹೋಗುತ್ತದೆ. ದಾಖಲೆಯ ಆ ಒಂದು ಸಾಲು ಅಳಿಸಲು ಅರ್ಧ ನಿಮಿಷವೂ ಬೇಡ. ಅವಳು ಆ ಅರ್ಧ ನಿಮಿಷದ ಪೂರ್ತಿ ಆಸೆಪಟ್ಟಳು, ಸುಳ್ಳೇಕೆ. ಕಣ್ಣು ಮುಚ್ಚಿದರೆ ಹದಿನಾರು ಟೈಲ್ಸಿನ ಅಂಚಿನಲ್ಲಿ ಓಡುವ ಬೆರಳು ಕಾಣುತ್ತಿತ್ತು. ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ದಾಖಲೆಯ ಹಾಳೆಯನ್ನೂ ಗಂಟಿನ ಪಟ್ಟಿಯನ್ನೂ ಅಚ್ಚು ಹಾಕಿಸಿಕೊಂಡು ಎದ್ದಳು.

ಯಜಮಾನರ ಕೋಣೆಯಲ್ಲಿ ಎಲ್ಲರೂ ಇದ್ದರು. ಸ್ಕೇಲ್ ಮೇಷ್ಟ್ರು ಕುರ್ಚಿಯಲ್ಲಿ, ಜೇಬಿನ ಸ್ಕೇಲನ್ನು ಹೆಬ್ಬೆರಳಿನಿಂದ ತಿಕ್ಕುತ್ತ. ಚಿಕ್ಕವಳು ಕಿಟಕಿಯ ಪಕ್ಕ ನಿಂತು, ಉಗುರಿನ ಜೇಡಿ ಬಿಡಿಸುತ್ತ. ಯಜಮಾನರ ಮುಂದೆ ಕೆನೆಗಟ್ಟಿದ ಟೀ.

ಸೈಟಮ್ಮ ಗಂಟಿನ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಸುಳಿ ಏರಿದ್ದು ಫೆಬ್ರವರಿ ಮೂರಕ್ಕೆ, ಮೇಷ್ಟ್ರದ್ದಕ್ಕಿಂತ ಒಂಬತ್ತು ದಿನ ಮೊದಲು ಎಂದಳು. ಮೇಷ್ಟ್ರ ಹೆಬ್ಬೆರಳು ನಿಂತಿತು. ಚಿಕ್ಕವಳು ತಲೆಯೆತ್ತಿ ಸೈಟಮ್ಮನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಸೈಟಮ್ಮನಿಗೆ ಅದನ್ನು ನೋಡಿ ಹಿತವೆನಿಸಿತು.

ಆಮೇಲೆ ಎರಡನೇ ಹಾಳೆ. ಗುರುವಾರ ಯಾರೋ ಅದನ್ನು ಹತ್ತಕ್ಕೆ ತಿದ್ದಿದ್ದಾರೆ, ಚಿಕ್ಕವಳು ಕಳ್ಳಿಯಂತೆ ಕಾಣಲಿ ಎಂದು. ಅವಳು ಆ ಹೊತ್ತಿನಲ್ಲಿ ನನ್ನ ಜೊತೆ ಡಾಕ್ಟರ ಬಳಿ ಇದ್ದಳು, ಅದಕ್ಕೆ ನಾನೇ ಸಾಕ್ಷಿ ಎಂದಳು.

“ತಿದ್ದಿರೋದು ನನ್ನ ಪಾಸ್‌ವರ್ಡಿನಿಂದ ಸರ್. ನನ್ನ ಮನೆಯಿಂದ.”

ಯಜಮಾನರು ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದರು. ಕನ್ನಡಕ ತೆಗೆದು ಮಡಚಿದರು.

“ಆ ಹೊತ್ತಲ್ಲಿ ನಿಮ್ಮ ಮನೇಲಿ ಯಾರಿದ್ರು?”

ಗಂಡ ಇದ್ದರು ಎನ್ನಲು ಸೈಟಮ್ಮ ಬಾಯಿ ತೆರೆದಳು. ಹೇಳಿಬಿಡುವುದೆಂದು ಮೆಟ್ಟಿಲು ಹತ್ತುವಾಗಲೇ ತೀರ್ಮಾನಿಸಿದ್ದಳು. ಆದರೂ ನಾಲಿಗೆ ಒಂದು ಕ್ಷಣ ತಡೆಯಿತು.

“ಯಾರೂ ಇರಲಿಲ್ಲ ಸರ್,” ಎಂದಳು ಚಿಕ್ಕವಳು ಕಿಟಕಿಯ ಬಳಿಯಿಂದ. “ಮನೆಗೆ ಬೀಗ ಹಾಕಿತ್ತು. ಬೀಗದ ಕೈ ನನ್ನ ಹತ್ತಿರಾನೇ ಇತ್ತು.”

ಹಾಗಾದರೆ ಬೀಗ ಹಾಕಿದ ಮನೆಯೊಳಗೆ ದೆವ್ವ ಕೂತು ತಿದ್ದಿತೇ ಎಂದು ಯಜಮಾನರು ಕೇಳಿದರು. ಮೇಷ್ಟ್ರು ಮೆಲ್ಲನೆ, ಬೀಗದ ಕೈ ಯಾರಿಗೆ ಕೊಟ್ಟಿದ್ದರೆಂದು ಇಟ್ಟುಕೊಂಡವರನ್ನೇ ಕೇಳಬೇಕು ಎಂದರು. ಚಿಕ್ಕವಳು ಅವರಿಗೂ ಎದುರಾಡಲಿಲ್ಲ.

ಗುರುವಾರ ಮನೆಯಿಂದ ಹೊರಡುವ ಮುಂಚೆ ‘ಭಾವ, ಮಾತ್ರೆ ಇಲ್ಲಿಟ್ಟಿದ್ದೀನಿ, ಊಟ ಆದ ಮೇಲೆ ತಗೊಳ್ಳಿ’ ಎಂದು ಹೇಳಿದವಳು ಅವಳೇ. ಬಾಗಿಲನ್ನು ಬರೀ ಮುಂದೆ ಮಾಡಿ ಬಂದಿದ್ದರು. ಬೀಗವೂ ಇರಲಿಲ್ಲ, ಬೀಗದ ಕೈಯೂ ಇರಲಿಲ್ಲ. ಎರಡು ಲೋಟಗಳನ್ನು ತೊಳೆದವಳೂ ಅವಳೇ. ಆಗಷ್ಟೇ ಅವಳ ತಲೆಯ ಮೇಲಿಂದ ಇಳಿದ ಕಳಂಕವನ್ನು ಒಂದೇ ಮಾತಿನಲ್ಲಿ ಮತ್ತೆ ಎಳೆದುಕೊಂಡಿದ್ದಳು.

“ಹೌದೇನಮ್ಮ? ಮನೇಲಿ ಯಾರೂ ಇರ್ಲಿಲ್ವಾ?” ಎಂದು ಯಜಮಾನರು ಸೈಟಮ್ಮನ ಕಡೆ ತಿರುಗಿದರು.

ಸೈಟಮ್ಮ ಚಿಕ್ಕವಳನ್ನೇ ನೋಡುತ್ತಿದ್ದಳು. ಚಿಕ್ಕವಳು ಇವಳತ್ತ ತಿರುಗಲೇ ಇಲ್ಲ. ಅಕ್ಕನ ಸಂಸಾರ ಉಳಿಯಲಿ ಎಂದು ಹೇಳಿದಳೋ, ಭಾವನ ಹೆಸರು ಬರದಿರಲಿ ಎಂದು ಹೇಳಿದಳೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ತನ್ನ ಗಂಡನನ್ನು ಉಳಿಸಲು ಸೈಟಮ್ಮ ಹೇಳಬೇಕಾಗಿದ್ದ ಸುಳ್ಳನ್ನು ಚಿಕ್ಕವಳು ಅವಳಿಗಿಂತ ಮೊದಲೇ ಹೇಳಿಬಿಟ್ಟಿದ್ದಳು.